ಗಾಳಿಯಿಲ್ಲದ ದಾರಿಗಳು

ಮೊಲ್ಡೋವಾ ದೇಶದ ಕ್ರಿಕೋವಾದಲ್ಲಿ ಕಟ್ಟಡಗಳಿಗೆಂದು ಸುಣ್ಣಕಲ್ಲು ಅಗೆದು ಬಿಟ್ಟ ಸುರಂಗಗಳಲ್ಲಿ ವೈನ್ ಪೀಪಾಯಿಗಳಿವೆ. ಅಷ್ಟು ಆಳಕ್ಕೆ ಬೇಸಿಗೆಯ ಬಿಸಿಯೂ ಚಳಿಗಾಲದ ಶೀತವೂ ತಟ್ಟುವುದಿಲ್ಲ. ವೈನಿಗೆ ಬೇಕಾದ್ದೂ ಅದೇ. ಯುರೋಪಿನಲ್ಲಿ ಇಂಥ ಕೆಲವು ಮಾಳಿಗೆಗಳು ಈಗ ಪಾಳುಬಿದ್ದಿವೆ. ಅವುಗಳೊಳಗೆ ಟಾರ್ಚ್ ಹಿಡಿದು ಇಳಿಯುವವರ ವಿಡಿಯೊಗಳಿಗೆ ನೋಡುಗರ ಕೊರತೆಯಿಲ್ಲ.

ಮೈಲಾಪೂರ್‌ನ ಮನೆಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಅಂಥದ್ದನ್ನು ನೋಡಿ, "ತಾತ, ರಜೆಯಲ್ಲಿ ಕೆಜಿಎಫ್‌ಗೆ ಹೋಗಿ ನಾವೂ ಹೀಗೆ ಇಳಿಯೋಣ. ದಾರಿ ನಿಮಗೆ ಗೊತ್ತಲ್ಲ?" ಎಂದ. ಚಾಂಪಿಯನ್ ರೀಫ್ ಗಣಿ ಮುಚ್ಚಿದ ಮೇಲೆ ಮಗಳ ಮನೆ ಸೇರಿದ ತಾತ ಸಿಟ್ಟಾಗಲಿಲ್ಲ. "ಲಜ್ ಹತ್ತಿರ ಮೆಟ್ರೊ ಅಗೆಯೋರನ್ನ ನೋಡು. ಮೊದಲು ಗಾಳಿಗೆ ಫ್ಯಾನು, ನೀರಿಗೆ ಪಂಪು. ಮನುಷ್ಯ ಆಮೇಲೆ. ಈ ಹುಡುಗರ ಹತ್ತಿರ ಏನಿದೆ?" ಎಂದರು.

ದ್ರಾಕ್ಷಿರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರ, ಬಣ್ಣವಿಲ್ಲ, ಮೂಗಿಗೂ ಸಿಗುವುದಿಲ್ಲ, ತಗ್ಗಿನಲ್ಲಿ ನಿಲ್ಲುತ್ತದೆ. ಹಿಂದೆ ಮಾಳಿಗೆಗೆ ಇಳಿಯುವವರು ಮೇಣದಬತ್ತಿ ಹಿಡಿಯುತ್ತಿದ್ದುದು ಬೆಳಕಿಗೆ ಮಾತ್ರವಲ್ಲ; ಬತ್ತಿ ಆರಿದರೆ ಹಿಂದಿರುಗಬೇಕು. ಹುದುಗುವ ಕೆಲಸ ನಿಂತ ಪಾಳು ಸುರಂಗದಲ್ಲೂ ಕೊಳೆಯುವ ಮರ ಆಮ್ಲಜನಕವನ್ನು ತಿಂದುಹಾಕುತ್ತದೆ.

ಕೋಲಾರದ್ದು ತಂಪು ಮಾಳಿಗೆಯಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಆಳಕ್ಕಿಳಿಯಿತು. ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಣ್ಣಗಾಗಿಸಿದ ಗಾಳಿಯನ್ನು ಮೇಲಿನಿಂದ ಕಳಿಸುತ್ತಿದ್ದರು. ಒತ್ತಡಕ್ಕೆ ಬಂಡೆ ಸಿಡಿದು ಜೀವ ಹೋಗುವುದೂ ಇತ್ತು. ಅದೇ ಆಳವನ್ನು ಬಳಸಿಕೊಂಡ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವು ಹಿಡಿದರು.

2001ರ ಫೆಬ್ರುವರಿ 28ಕ್ಕೆ ಗಣಿಗಳು ಮುಚ್ಚಿದವು. ಪಂಪುಗಳು ನಿಂತವು, ನೀರು ಏರಿತು. ತಾತ ಬೆವರು ಸುರಿಸಿದ ಜಾಗ ಈಗ ನೀರೊಳಗಿದೆ. ಅಲ್ಲಿಗೆ ದಾರಿ ಗೊತ್ತಿದ್ದೂ ಪ್ರಯೋಜನವಿಲ್ಲ.

ನೆಲದ ಮೇಲೆ ಉಳಿದದ್ದನ್ನು ನೋಡಲು ಟಾರ್ಚ್ ಬೇಕಿಲ್ಲ: ಶಾಫ್ಟ್‌ಗಳ ಉಕ್ಕಿನ ಗೋಪುರಗಳು, ಸೈನೈಡ್ ದಿಬ್ಬಗಳು, ಕಾರ್ಮಿಕರ ಲೈನ್ ಮನೆಗಳು. ಗಾಳಿ ಬೀಸಿದಾಗ ದಿಬ್ಬದ ಧೂಳು ಆ ಮನೆಗಳಿಗೇ ನುಗ್ಗುತ್ತದೆ. ಬೆಳಗಿನ ರೈಲಿಗೆ ಅಲ್ಲಿಂದ ಬೆಂಗಳೂರಿಗೆ ದುಡಿಯಲು ಹೊರಡುವವರಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಚಿನ್ನ ಮುಗಿದ ಊರಿನ ಕಥೆ ಕೇಳಬೇಕಾದದ್ದು ಅವರ ಬಾಯಿಂದ.