ತಂದೆಯವರ ಬಂಡಿಗೆ ಮೆರುಗು

ರಜೆಯ ದಿನಗಳಲ್ಲಿ ಉಪಾಧ್ಯಾಯಿನಿಯರು ಏನು ಮಾಡುವರೆಂದು ನಮ್ಮ ವಿದ್ಯಾರ್ಥಿನಿಯರು ಕೇಳುವುದುಂಟು. ಕಳೆದ ಬೇಸಗೆಯಲ್ಲಿ ನಾವು ಕೈಗೊಂಡ ಒಂದು ಕೆಲಸವನ್ನು, ಅದರಲ್ಲಿ ನಾವು ಎಡವಿದ ಸಂಗತಿಯನ್ನೂ ಮರೆಮಾಚದೆ, ಇಲ್ಲಿ ಬರೆಯುತ್ತೇವೆ.

ನಮ್ಮ ತಂದೆಯವರು 1986ರಲ್ಲಿ ಕೊಂಡ ನೀಲಿ ಅಂಬಾಸಡರ್ ಮೋಟಾರು ಅವರ ತರುವಾಯ ನಮ್ಮ ಪಾಲಿಗೆ ಬಂದಿತು. ಆ ಜಾತಿಯ ಬಂಡಿಗಳ ತಯಾರಿಕೆಯು 2014ರಲ್ಲಿಯೇ ನಿಂತುಹೋಯಿತು. ಬಹುಕಾಲ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಅದರ ಬಣ್ಣವು ಸುಣ್ಣ ಸವರಿದಂತೆ ಮಂಕಾಗಿದ್ದಿತು. ಎಡಬಾಗಿಲ ಮೇಲೆ ಗೇಣುದ್ದದ ಒಂದು ಗೀರೂ ಇದ್ದಿತು. ಅದು ನಮ್ಮದೇ ಕೈಗೆಲಸ. ಒಂಬತ್ತನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿಯುವಾಗ ನೆಟ್ಟಗೆ ಹೋಗಿ ಬಂಡಿಗೆ ಡಿಕ್ಕಿ ಹೊಡೆದಿದ್ದೆವು. ತಂದೆಯವರು ಓಡಿಬಂದು, "ಪೆಟ್ಟಾಯಿತೇನಮ್ಮಾ?" ಎಂದಷ್ಟೇ ಕೇಳಿದರು. ಬಂಡಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಆ ಗೀರನ್ನು ಅಳಿಸಿ ಬಂಡಿಯನ್ನು ಹೊಸದರಂತೆ ಮಾಡಬೇಕೆಂಬುದೇ ನಮ್ಮ ಸಂಕಲ್ಪ.

ಈ ಕೆಲಸದಲ್ಲಿ ಉಜ್ಜುವುದಕ್ಕಿಂತ ಸಿದ್ಧತೆಯೇ ದೊಡ್ಡದು. ಒಣಬಟ್ಟೆಯಿಂದ ಧೂಳೊರಸುವುದು ನಮ್ಮಲ್ಲಿ ಹಲವರ ವಾಡಿಕೆ. ಆದರೆ ಮರಳಿನ ಕಣಗಳು ಬಟ್ಟೆಯೊಡನೆ ಸರಿದು ಅಸಂಖ್ಯ ಸೂಕ್ಷ್ಮ ಗೀರುಗಳನ್ನೆಳೆಯುವುವು. ಆದಕಾರಣ ಬಂಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಮೊದಲು ಧಾರಾಳವಾಗಿ ನೀರು ಸುರಿದೆವು. ಅನಂತರ ಒಂದು ಬಕೆಟ್ಟಿನಲ್ಲಿ ಬಂಡಿಯ ಶಾಂಪೂ ಬೆರೆಸಿದ ನೀರನ್ನೂ ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರನ್ನೂ ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆದೆವು. ತೊಳೆದ ಮೇಲೂ ಅಂಗೈಗೆ ತರಿತರಿಯೆನಿಸಿತು. ಟಾರು, ಮರದ ಅಂಟು, ಕಬ್ಬಿಣದ ಕಣ ಮೊದಲಾದುವು ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಇವನ್ನು ತೆಗೆಯಲು ಕ್ಲೇ ಎಂಬ ಜೇಡಿಯಂತಹ ಮುದ್ದೆಯೊಂದು ದೊರೆಯುತ್ತದೆ. ಜಾರುವ ದ್ರವವನ್ನು ಚಿಮುಕಿಸಿ ಅದನ್ನು ಹಗುರವಾಗಿ ಆಡಿಸಿದರೆ ಮೈ ಗಾಜಿನಂತೆ ನುಣುಪಾಗುವುದು. ಮುದ್ದೆಯು ನೆಲಕ್ಕೆ ಬಿದ್ದರೆ ಬಿಸುಡಬೇಕು. ಅಂಟಿದ ಮರಳು ಬಣ್ಣವನ್ನು ಕೆಡಿಸುತ್ತದೆ. ಕಡೆಗೆ ರಬ್ಬರಿನ ಅಂಚುಗಳಿಗೂ ಲೋಹದ ಏಣುಗಳಿಗೂ ಕಾಗದದ ಟೇಪನ್ನು ಅಂಟಿಸಿದೆವು.

ಪಾಲಿಷೆಂದರೆ ಬಣ್ಣಕ್ಕೆ ಏನನ್ನೋ ಕೂಡಿಸುವುದೆಂದು ನಾವು ತಿಳಿದಿದ್ದೆವು. ಅದು ತಪ್ಪು. ಪಾಲಿಷು ನಯವಾದ ಪುಡಿಯಿಂದ ಮೇಲ್ಪದರವನ್ನು ಸವೆಸುತ್ತದೆ. ಕೂಡಿಸುವುದು ಕೊನೆಯಲ್ಲಿ ಹಚ್ಚುವ ಮೇಣ ಮಾತ್ರ. ಇಂದಿನ ಬಂಡಿಗಳ ಬಣ್ಣದ ಮೇಲೆ ತಿಳಿಯಾದ ಪದರವೊಂದಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ನಮ್ಮ ಹಳೆಯ ಬಂಡಿಗೆ ಅದೂ ಇಲ್ಲ. ಉಜ್ಜಿದೊಡನೆ ಬಟ್ಟೆಯೇ ನೀಲಿಯಾಯಿತು.

ಅಂಗೈಯಗಲದ ಸ್ಥಳದಲ್ಲಿ ಅತಿ ಮೃದುವಾದ ಪಾಲಿಷನ್ನು ಪರೀಕ್ಷಿಸಿ, ಅದು ಸಾಲದಿದ್ದರೆ ಮಾತ್ರ ಗಡುಸಾದುದನ್ನು ಹಿಡಿಯಬೇಕೆಂಬುದು ನಿಯಮ. ಹಾಗೆಯೇ ಮಾಡಿದೆವು. ಬಾನೆಟ್ಟಿನಲ್ಲಿ ಬೇವಿನ ಮರದ ನೆರಳು ಮೂಡಿದಾಗ ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ಆ ಹಿಗ್ಗೇ ನಮ್ಮನ್ನು ಕೆಡಿಸಿತು. ಏಣಿನ ಮೇಲಣ ಟೇಪನ್ನು ಕಿತ್ತೆಸೆದು, ಅಲ್ಲಿಯೂ ಹೊಳಪು ಬರಲೆಂದು ಬಲವಾಗಿ ಉಜ್ಜಿದೆವು. ಏಣುಗಳಲ್ಲಿ ಬಣ್ಣ ತೆಳು, ಕೈಯ ಭಾರವೆಲ್ಲ ಅಲ್ಲಿಯೇ ಬೀಳುವುದು. ಕ್ಷಣದಲ್ಲಿ ಬೂದುಬಣ್ಣದ ಪ್ರೈಮರು ಇಣುಕಿತು. ಮೂವತ್ತೆಂಟು ವರ್ಷ ಉಳಿದ ಬಣ್ಣವನ್ನು ನಾವು ಒಂದು ಮಧ್ಯಾಹ್ನದಲ್ಲಿ ಕಳೆದೆವು.

ಬಳಿಕ ಆ ಗೀರಿನ ಮುಂದೆ ಕುಳಿತೆವು. ಉಗುರನ್ನು ಅಡ್ಡ ಎಳೆದಾಗ ಸಿಕ್ಕಿಕೊಂಡಿತು. ಉಗುರು ಸಿಕ್ಕುವಷ್ಟು ಆಳದ ಗೀರನ್ನು ಅಳಿಸಬೇಕಾದರೆ ಸುತ್ತಲಿನ ಬಣ್ಣವನ್ನೆಲ್ಲ ಅದರ ತಳದವರೆಗೆ ಸವೆಸಬೇಕು. ಒಂದು ತಪ್ಪಿನ ಗುರುತಿಗಾಗಿ ಬಾಗಿಲನ್ನೇ ಬರಿದುಮಾಡಲು ಮನಸ್ಸೊಪ್ಪಲಿಲ್ಲ. ಮೇಣ ಹಚ್ಚಿ, ಗೀರನ್ನು ಇದ್ದಂತೆಯೇ ಬಿಟ್ಟೆವು.

ಶಾಲೆ ತೆರೆದ ವಾರ ಪ್ರಯೋಗಶಾಲೆಯ ಗಾಜಿನ ಜಾಡಿಯನ್ನೊಡೆದ ಬಾಲಿಕೆಯೊಬ್ಬಳು ನಡುಗುತ್ತ ನಮ್ಮ ಕೊಠಡಿಗೆ ಬಂದಳು. ಎಂದಿನ ಗಡುಸು ಮಾತು ನಾಲಗೆಯ ತುದಿಗೆ ಬಂದಿದ್ದಿತು. ಅದನ್ನು ನುಂಗಿ, "ಕೈಗೆ ಗಾಜು ತಾಗಿತೇನಮ್ಮಾ?" ಎಂದು ಕೇಳಿದೆವು.