ಹೇಗೆ ಕುಳಿತು ನೋಡುವುದು?

ನೋಡುವುದಕ್ಕೆ ಕಣ್ಣಿದ್ದರೆ ಸಾಕೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ನಮ್ಮ ಕರಾವಳಿಯ ಅನುಭವ ಹಾಗಿಲ್ಲ. ನಮ್ಮಲ್ಲಿ ನೋಡುವುದೆಂದರೆ ಮೊದಲು ಕೂರುವುದು. ಬಯಲಾಟವಾದರೆ ಚಾಪೆ ಹಾಸಿ ಕೂರಬೇಕು. ನಡುವೆ ಒಂದು ನಿದ್ದೆ ತೆಗೆದರೂ ಅಡ್ಡಿಯಿಲ್ಲ, ರಾಕ್ಷಸ ಬರುವ ಹೊತ್ತಿಗೆ ಪಕ್ಕದವರು ಎಬ್ಬಿಸುತ್ತಾರೆ. ತಾಳಮದ್ದಳೆಯಾದರೆ ಬೆನ್ನು ನೆಟ್ಟಗೆ ಮಾಡಿ, ಕಿವಿ ತೆರೆದು ಕೂರಬೇಕು. ಭೂತದ ಕೋಲವಾದರೆ ಚಪ್ಪಲಿ ಹೊರಗೆ ಬಿಟ್ಟಿರಬೇಕು. ನುಡಿಯಾಗುವಾಗ ಎದ್ದು ಕೈಮುಗಿಯಬೇಕು. ಇದನ್ನು ಯಾರೂ ನಮಗೆ ಶಾಲೆಯಲ್ಲಿ ಕಲಿಸಲಿಲ್ಲ. ದೊಡ್ಡವರು ಹೇಗೆ ಕುಳಿತರೋ ಹಾಗೆ ನಾವೂ ಕುಳಿತೆವು, ಅಷ್ಟೆ.

ಸಿನೆಮಾ ಬಂದು ಎಲ್ಲವನ್ನೂ ಒಂದೇ ಕುರ್ಚಿಯಲ್ಲಿ ಕುಳ್ಳಿರಿಸಿತು. ಆ ಕುರ್ಚಿಯೂ ಈಗ ಮೊದಲಿನದಲ್ಲ. ಜ್ಯೋತಿ ಟಾಕೀಸು ಹೋಯಿತು; ಸಿಟಿ ಬಸ್ಸಿನ ಕಂಡಕ್ಟರು ಮಾತ್ರ ಇನ್ನೂ ‘ಜ್ಯೋತಿ, ಜ್ಯೋತಿ’ ಎಂದು ಕೂಗುತ್ತಾನೆ, ಜನ ಇಳಿಯುತ್ತಾರೆ. ಸಿನೆಮಾ ನೋಡಬೇಕಾದವರು ಬಿಜೈಗೋ ಪಾಂಡೇಶ್ವರಕ್ಕೋ ಹೋಗಿ, ಮಾಲಿನ ಮೆಟ್ಟಲು ತಾನೇ ಏರಿಸಿಕೊಂಡು ಹೋದಷ್ಟು ದೂರ ಹೋಗಿ, ಸೋಫಾದಂಥ ಕುರ್ಚಿಯಲ್ಲಿ ಮುಳುಗಬೇಕು. ಹೈಸ್ಕೂಲಿಗೆ ಹೋಗುವ ನನ್ನ ಮೊಮ್ಮಗಳ ದೆಸೆಯಿಂದ ಈಚೆಗೆ ನಾನು ಹೀಗೆ ಹಲವು ಸಲ ಮುಳುಗಿದ್ದೇನೆ. ಅವಳಿಗೆ ಬೇಕಾದವು ಅದ್ಭುತದ ಚಿತ್ರಗಳೇ: ದೇವರು, ಭೂತ, ಮುಂದಿನ ಕಾಲದ ಯಂತ್ರ, ಮಾತಾಡುವ ಅಥವಾ ಮಾತಾಡದ ಪ್ರಾಣಿ. ಸಾಮಾನ್ಯ ಮನುಷ್ಯರ ಕಥೆ ಮನೆಯಲ್ಲೇ ಸಿಗುತ್ತದೆಂದು ಅವಳ ವಾದ.

2025ರ ಜುಲೈ 25ರಂದು ‘ಮಹಾವತಾರ್ ನರಸಿಂಹ’ ತೆರೆಗೆ ಬಂತು. ಅಶ್ವಿನ್ ಕುಮಾರ್ ನಿರ್ದೇಶಿಸಿದ, ಆರಂಭದಿಂದ ಕೊನೆಯವರೆಗೆ ಗಣಕಯಂತ್ರದಲ್ಲೇ ಮಾಡಿದ ಚಿತ್ರ. ವರಾಹ ಹಿರಣ್ಯಾಕ್ಷನನ್ನು ಕೊಲ್ಲುವಲ್ಲಿಂದ ಹಿಡಿದು ನರಸಿಂಹ ಕಂಬ ಒಡೆದು ಬರುವವರೆಗಿನ ಕಥೆ. ಆಟಿ ತಿಂಗಳ ಮಳೆ ಹೊರಗೆ, ಒಳಗೆ ಹಿರಣ್ಯಕಶಿಪುವಿನ ಅಬ್ಬರ. ಯುದ್ಧವೇನೋ ಭರ್ಜರಿಯಾಗಿಯೇ ಇತ್ತು. ಆದರೆ ನನಗೊಂದು ವಿಚಿತ್ರ ಕಂಡಿತು. ಬೆಟ್ಟ ಒಡೆಯುವುದು, ಸಮುದ್ರ ಉಕ್ಕುವುದು ಈ ಯಂತ್ರಕ್ಕೆ ಸುಲಭ. ಪ್ರಹ್ಲಾದನ ಮುಖದಲ್ಲಿ ಒಂದು ಮಗುವಿನ ನಗು ತರುವುದು ಕಷ್ಟ. ಬ್ರಹ್ಮಾಂಡವೆಲ್ಲ ಅಲುಗಾಡುತ್ತಿರುವಾಗ ಆ ಹುಡುಗನ ಕೆನ್ನೆ ಮಾತ್ರ ಅಲುಗಲಿಲ್ಲ. 1983ರ ಕನ್ನಡ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲಕ ಪುನೀತ್, ಹಿರಣ್ಯಕಶಿಪುವಾಗಿದ್ದ ತನ್ನ ತಂದೆ ರಾಜಕುಮಾರರ ಎದುರು ನಿಂತದ್ದನ್ನು ನೋಡಿದವರಿಗೆ ನನ್ನ ಮಾತು ತಿಳಿದೀತು. ಅಲ್ಲಿನ ತಂತ್ರಗಳು ಇಂದಿನ ಮಕ್ಕಳಿಗೆ ನಗೆ ತರಿಸುತ್ತವೆ. ಆ ಹುಡುಗನ ಮುಖ ತರಿಸುವುದಿಲ್ಲ.

‘ದೇವಿ ಮಹಾತ್ಮೆ’ ಆಟದ ಮಹಿಷಾಸುರನನ್ನೇ ತೆಗೆದುಕೊಳ್ಳಿ. ಮೊದಲ ದಿನದ ಸಿನೆಮಾಕ್ಕೆ ಕಾದಂತೆ ಜನ ಅವನಿಗೆ ಕಾಯುತ್ತಾರೆ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಉರಿ ಭುಗ್ಗೆನ್ನುತ್ತಿರುವಂತೆ, ಚಾಪೆಗಳ ನಡುವೆ ಆರ್ಭಟಿಸುತ್ತ ಬರುತ್ತಾನೆ. ಅದೇ ಸಂಜೆ ಚೌಕಿಯಲ್ಲಿ ಅವನು ಕಾಲು ನೀಡಿ ಕುಳಿತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದುದನ್ನು ಮಕ್ಕಳು ಇಣುಕಿ ನೋಡಿರುತ್ತಾರೆ. ಅಕ್ಕಿ ಹಿಟ್ಟು, ಸುಣ್ಣ, ಎರಡು ಮೂರು ತಾಸಿನ ತಾಳ್ಮೆ. ಗುಟ್ಟೆಲ್ಲ ಗೊತ್ತು. ಆದರೂ ಕೊಂಬು ಕಂಡೊಡನೆ ಅಜ್ಜಿಯ ಸೆರಗು ಬೇಕು. ಸಿನೆಮಾ ಗುಟ್ಟನ್ನು ಮುಚ್ಚಿಟ್ಟು ಬೆರಗು ಹುಟ್ಟಿಸುತ್ತದೆ; ನಮ್ಮ ಆಟ ಗುಟ್ಟನ್ನು ಬಿಚ್ಚಿಟ್ಟೂ ಬೆರಗು ಹುಟ್ಟಿಸುತ್ತಿತ್ತು. ನರಸಿಂಹನ ಚಿತ್ರ ಮುಗಿದ ಮೇಲೆ ಮೊಮ್ಮಗಳು, “ಗ್ರಾಫಿಕ್ಸು ಚೆನ್ನಾಗಿತ್ತಲ್ಲ ಅಜ್ಜ?” ಎಂದಳು. ಮಹಿಷಾಸುರನನ್ನು ನೋಡಿ ಬಂದ ಯಾವ ಮಗುವೂ ‘ಸುಣ್ಣ ಚೆನ್ನಾಗಿತ್ತು’ ಎಂದದ್ದು ನಾನು ಕೇಳಿಲ್ಲ.

‘ಕಲ್ಕಿ 2898 ಎ.ಡಿ.’ ಅದಕ್ಕೂ ಮುಂಚೆ, 2024ರ ಜೂನಿನಲ್ಲಿ ಬಂದದ್ದು. ತೆಲುಗಿನ ನಾಗ್ ಅಶ್ವಿನ್ ಮಾಡಿದ್ದು. ಭೂಮಿಯೆಲ್ಲ ಒಣಗಿ ಕಾಶಿಯೊಂದೇ ನಗರ ಉಳಿದಿದೆ. ಅದರ ಮೇಲೆ ತಲೆಕೆಳಗಾದ ಪಿರಮಿಡ್ಡಿನಂಥ ಒಂದು ಲೋಕ ತೇಲುತ್ತಿದೆ. ನೀರೂ ಹಸಿರೂ ಅಲ್ಲಿನವರಿಗೆ ಮಾತ್ರ. ನೂರಾರು ಕೋಟಿ ರೂಪಾಯಿಯ ಚಿತ್ರ. ಹಾರುವ ಬಂಡಿಗಳೂ ಮಾತಾಡುವ ಕಾರೂ ಮೊಮ್ಮಗಳಿಗೆ ಹಿಡಿಸಿದವು. ನನಗೆ ಹಿಡಿಸಿದ್ದು ಅಶ್ವತ್ಥಾಮ. ಕುರುಕ್ಷೇತ್ರದಿಂದ ಆ ಕಾಲದವರೆಗೆ ಸಾವಿಲ್ಲದೆ ಕಾದಿರುವ ಆ ಮುದುಕ, ಅಮಿತಾಭ್ ಬಚ್ಚನ್ನರ ಎತ್ತರದಲ್ಲಿ ಎದ್ದು ನಿಂತಾಗ, ಸಾವಿಲ್ಲದಿರುವುದು ಎಂಥ ಶಿಕ್ಷೆಯೆಂಬುದು ಹಾರುವ ಬಂಡಿಯ ಸಹಾಯವಿಲ್ಲದೆಯೇ ತಿಳಿಯಿತು.

ಆಗ ನನಗೆ ತಾಳಮದ್ದಳೆ ನೆನಪಾಯಿತು. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕುಳಿತವರು ಅರ್ಥ ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕುಳಿತಲ್ಲೇ ವಾಲಿಯಾಗುತ್ತಿದ್ದರು, ರಾವಣನಾಗುತ್ತಿದ್ದರು. ಲಂಕೆ ಕಟ್ಟುವುದಕ್ಕೆ ಖರ್ಚು ಒಂದು ಲೋಟ ಬಿಸಿನೀರು. ಉಳಿದ ಲಂಕೆಯನ್ನು ಕೇಳುವವನು ತಾನೇ ಕಟ್ಟಿಕೊಳ್ಳಬೇಕಿತ್ತು. ಕಲ್ಕಿಯಲ್ಲಿ ನನಗೆ ಕಟ್ಟಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಇಟ್ಟಿಗೆ ಇಟ್ಟಿಗೆಯನ್ನೂ ಅವರೇ ಇಟ್ಟಿದ್ದರು. ಮೂರು ತಾಸು ಕುಳಿತೆದ್ದಾಗ ಕಣ್ಣು ದಣಿದಿತ್ತು, ಮನಸ್ಸು ಹಾಗೆಯೇ ಇತ್ತು.

ಇದನ್ನೆಲ್ಲ ಕೇಳಿ ಮುದುಕನಿಗೆ ಹೊಸದೊಂದೂ ಸೇರುವುದಿಲ್ಲವೆಂದು ತೀರ್ಮಾನಿಸಬೇಡಿ. ಒಂದು ಮಳೆಯ ರಾತ್ರಿ ಮನೆಯ ಟಿ.ವಿ.ಯಲ್ಲಿ ‘ಫ್ಲೋ’ ಎಂಬ ಚಿತ್ರ ನೋಡಿದೆವು. ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋದಿಸ್ ಎಂಬವರು 2024ರಲ್ಲಿ ಮಾಡಿದ್ದು. ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದಾದ ‘ಬ್ಲೆಂಡರ್’ ಎಂಬ ತಂತ್ರಾಂಶದಲ್ಲಿ ತಯಾರಾದ ಇದಕ್ಕೆ 2025ರಲ್ಲಿ ಆಸ್ಕರ್ ಬಂತು. ಕಥೆ ಇಷ್ಟೆ: ಒಂದು ಬೆಕ್ಕು, ಏರುತ್ತಿರುವ ನೆರೆ, ಒಂದು ದೋಣಿ, ದೋಣಿಯಲ್ಲಿ ಬಂದು ಸೇರುವ ನಾಯಿ, ಹಕ್ಕಿ ಮೊದಲಾದ ಪ್ರಾಣಿಗಳು. ಮನುಷ್ಯರಿಲ್ಲ. ಮಾತಿಲ್ಲ. ಬೆಕ್ಕು ಬೆಕ್ಕಿನ ಹಾಗೆಯೇ ಕೂಗುತ್ತದೆ.

ನೀರು ಏರುತ್ತ ಬಂದಂತೆ, ನೆಲದ ಮೇಲೆ ಕುಳಿತಿದ್ದ ಮೊಮ್ಮಗಳು ಮೆಲ್ಲನೆ ಸೋಫಾದ ಮೇಲೆ ಬಂದು ಕಾಲು ಮಡಚಿಕೊಂಡಳು. ನೇತ್ರಾವತಿಯ ದಂಡೆಯ ಜನಕ್ಕೆ ನೆರೆಯನ್ನು ವಿವರಿಸಬೇಕಾಗಿಲ್ಲ. ಬಂಟ್ವಾಳ, ಪಾಣೆಮಂಗಳೂರಿನ ಕಡೆ 1923ರ ‘ಮಾರಿಬೊಳ್ಳ’ದ ಕಥೆಯನ್ನೂ 1974ರ ನೆರೆಯ ಕಥೆಯನ್ನೂ ಈಗಲೂ ಹೇಳುತ್ತಾರೆ. ಅಂಥ ಕಥೆಗಳಲ್ಲಿ ತೇಲಿ ಬಂದ ಮುಳಿಹುಲ್ಲಿನ ಮಾಡು, ಅದರ ಮೇಲೊಂದು ಕೋಳಿ, ಪಕ್ಕದಲ್ಲೇ ಹಾವು ಇರುವುದುಂಟು. ಎಲ್ಲೋ ಇರುವ ಲಾಟ್ವಿಯಾದವನಿಗೆ ಇದು ಹೇಗೆ ತಿಳಿಯಿತೋ! ಆತ ಹೇಳದೆ ಬಿಟ್ಟ ಮಾತುಗಳನ್ನೆಲ್ಲ ಆ ರಾತ್ರಿ ನಾವು ಹೇಳಿಕೊಂಡೆವು. ತಾಳಮದ್ದಳೆಯಲ್ಲಿ ಮಾತಷ್ಟೇ ಇದೆ, ಇಲ್ಲಿ ಚಿತ್ರವಷ್ಟೇ ಇದೆ; ಎರಡರಲ್ಲೂ ಉಳಿದರ್ಧ ನೋಡುವವನ ಪಾಲು.

ನರಸಿಂಹನ ಜೊತೆಗೆ ಅದೇ ಜುಲೈ 25ರಂದೇ ಬಂದದ್ದು ಜೆ.ಪಿ. ತುಮಿನಾಡು ಅವರ ‘ಸು ಫ್ರಂ ಸೋ’. ಸು ಎಂದರೆ ಸುಲೋಚನ, ಸೋ ಎಂದರೆ ಸೋಮೇಶ್ವರ. ಉಳ್ಳಾಲದ ಪಕ್ಕದ ನಮ್ಮ ಸೋಮೇಶ್ವರ! ಹಳ್ಳಿಯ ಹುಡುಗನೊಬ್ಬನ ಮೈಮೇಲೆ ಅವಳ ಪ್ರೇತ ಬಂದಿದೆಯೆಂದು ಊರಿಗೆ ಊರೇ ನಂಬುತ್ತದೆ. ಪ್ರೇತಕ್ಕೆ ಸಿಟಿ ಬಸ್ಸು ಹೋಗುವ ವಿಳಾಸವಿದ್ದರೆ ಯಾರು ತಾನೆ ಹೆದರುತ್ತಾರೆ? ಇಡೀ ಟಾಕೀಸು ನಕ್ಕಿತು. ಹಾಗೆ ನಗಿಸುತ್ತಲೇ ಕಥೆ ಬದುಕಿರುವ ಹೆಣ್ಣಿನ ಸಂಕಟದ ಕಡೆಗೆ ನಮ್ಮನ್ನು ತಿರುಗಿಸಿಬಿಡುತ್ತದೆ. ಅಂದು ಹೇಗೆ ಕೂರಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಂತಿತ್ತು.

ಪ್ರಶ್ನೆ ಎದ್ದದ್ದು ‘ಕಾಂತಾರ’ದಲ್ಲಿ. ಕುಂದಾಪುರ ತಾಲೂಕಿನ ಕೆರಾಡಿಯ ರಿಷಬ್ ಶೆಟ್ಟಿಯವರು 2022ರ ಸೆಪ್ಟೆಂಬರಿನಲ್ಲಿ ಮೊದಲನೆಯದನ್ನೂ 2025ರ ಅಕ್ಟೋಬರ್ 2ರಂದು ಕದಂಬರ ಕಾಲದ ಕಥೆಯಾದ ‘ಚಾಪ್ಟರ್ 1’ ಅನ್ನೂ ಕೊಟ್ಟರು. ಹೊರಗಿನವರಿಗೆ ಇದೊಂದು ಅದ್ಭುತರಮ್ಯ ಕಥೆ. ನಮಗೆ? ಪಂಜುರ್ಲಿ, ಗುಳಿಗ ಎಂದರೆ ನಮಗೆ ಹಿತ್ತಲಿನ ಕಲ್ಲು, ತಂಬಿಲ, ತಪ್ಪಿ ನಡೆದರೆ ಕೇಳುವವರು.

ಬಂಟ್ವಾಳದ ಕಡೆಯಿರುವ ನನ್ನ ಭಾವನ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. ಎರಡನೆಯ ಚಿತ್ರ ಬಂದಾಗ ಅವರನ್ನು ಕರೆದೆ.

“ಭಾವ, ನೀವೂ ಬನ್ನಿ. ಟಿಕೇಟು ತೆಗೆದಾಗಿದೆ.”

“ಬರುವುದಕ್ಕೆ ಎಂತ ಉಂಟು? ಬರಬಹುದು. ಆದರೆ ಒಂದು ಹೇಳು. ಭೂತ ಬರುವಾಗ ನಾನು ಕೈಮುಗಿಯಬೇಕಾ, ಸೋಡ ಕುಡಿಯಬೇಕಾ?”

“ಅದು ಸಿನೆಮಾ ಅಲ್ಲವಾ ಭಾವ?”

“ಹೌದು ಮಾರಾಯ. ನಿನಗೆ ಸಿನೆಮಾ. ನನ್ನ ಕೈ ಕೇಳಬೇಕಲ್ಲ?”

ಅವರು ಬರಲಿಲ್ಲ. ನಾವು ಹೋದೆವು. ದೈವ ಆವೇಶಗೊಂಡು ಕೂಗಿದಾಗ ನನ್ನ ರೋಮ ನಿಮಿರಿತು; ಅದನ್ನು ಮುಚ್ಚಿಡುವುದೇಕೆ? ಆಚೆ ಬದಿಯ ಸೀಟಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕಾಲಿನಿಂದಲೇ ಚಪ್ಪಲಿಯನ್ನು ಮುಂದಕ್ಕೆ ಸರಿಸಿ, ಬರಿಗಾಲನ್ನು ನೆಲಕ್ಕೂರಿ, ಕೈಮುಗಿದರು. ಅವರ ಮಗ್ಗುಲಲ್ಲೇ ಕುಳಿತಿದ್ದ ತರುಣ ಮೊಬೈಲು ಎತ್ತಿ ಚಿತ್ರ ತೆಗೆಯುತ್ತಿದ್ದ. ಒಂದೇ ಪರದೆ, ಒಂದೇ ಸಾಲು, ಒಂದೇ ದರದ ಟಿಕೇಟು. ಇಬ್ಬರೂ ಪ್ರಾಮಾಣಿಕರೇ. ಅವರಲ್ಲಿ ಯಾರು ನೋಡಿದ್ದು ಸಿನೆಮಾ?

ಆಮೇಲೆ ಕೆಲವರು ದೈವದ ವೇಷ ಹಾಕಿಕೊಂಡು ಟಾಕೀಸುಗಳಲ್ಲಿ ಕುಣಿದು ಕೂಗಿದರು. ತುಳುನಾಡಿನವರಿಗೆ ನೋವಾಯಿತು. ಹಾಗೆ ಅನುಕರಿಸಬೇಡಿರೆಂದು ಚಿತ್ರದ ನಿರ್ಮಾಪಕರೇ ಅದೇ ಅಕ್ಟೋಬರಿನಲ್ಲಿ ಜನರನ್ನು ವಿನಂತಿಸಿಕೊಳ್ಳಬೇಕಾಯಿತು. ಚಿತ್ರ ಮಾಡಿದ್ದೇ ತಪ್ಪೆಂದು ನಾನು ಹೇಳಲಾರೆ. ಅದರಿಂದಾಗಿ ದೂರದೂರದ ಜನ ಪಾಡ್ದನ ಎಂಬ ಹೆಸರು ಕೇಳಿದರು. ಪಂಬದ, ಪರವ, ನಲಿಕೆಯವರ ವಿದ್ಯೆಯೆಂಥದೆಂದು ವಿಚಾರಿಸಿದರು. ಆದರೆ ಕೋಲ ಕಟ್ಟುವವನು ಎಣ್ಣೆಬೂಳ್ಯ ಪಡೆದು, ಮಿಂದು, ಮುಖಕ್ಕೆ ಅರದಾಳ ಹಚ್ಚಿ, ಗಗ್ಗರ ಕಟ್ಟುವವರೆಗೆ ಒಂದೊಂದು ಮೆಟ್ಟಲೇರಿ ಆ ಜಾಗಕ್ಕೆ ಹೋಗುತ್ತಾನೆ. ನೋಡುವ ನಾವೂ ಆ ಮೆಟ್ಟಲುಗಳನ್ನು ಕಾಯುತ್ತ ಕಾಯುತ್ತ ಏರುತ್ತೇವೆ. ಸಿನೆಮಾ ಮೆಟ್ಟಲನ್ನು ತೆಗೆದು ನಮ್ಮನ್ನು ನೇರವಾಗಿ ಮಾಳಿಗೆಗೆ ಎತ್ತಿ ಹಾಕುತ್ತದೆ. ಅಲ್ಲಿಂದ ಇಳಿಯುವುದು ಹೇಗೆಂದು ತಿಳಿಯದವನೇ ಹೊರಗೆ ಬಂದು ಕುಣಿಯುವವನು.

ಇನ್ನೊಂದು ಮಾತು. ಪತ್ತನಾಜೆ ಕಳೆದರೆ ನಮ್ಮಲ್ಲಿ ಗೆಜ್ಜೆ ಬಿಚ್ಚಿಡುತ್ತಾರೆ. ಮೇಳ ತಿರುಗುವುದಿಲ್ಲ, ಕೋಲವಿಲ್ಲ. ಮಳೆಗಾಲವಿಡೀ ದೇವರಿಗೂ ರಾಕ್ಷಸರಿಗೂ ಭೂತಗಳಿಗೂ ರಜೆ. ಆ ಬಿಡುವಿನಿಂದಲೇ ಮತ್ತೆ ಚೆಂಡೆ ಕೇಳಿದಾಗ ಮೈ ಜುಮ್ಮೆನ್ನುತ್ತಿತ್ತು. ಸಿನೆಮಾಕ್ಕೆ ಪತ್ತನಾಜೆಯಿಲ್ಲ. ಆಟಿಯಲ್ಲೂ ನರಸಿಂಹ ಬರುತ್ತಾನೆ, ದಿನಕ್ಕೆ ಐದು ಸಲ.

ಈ ವರ್ಷ ಭಾವನ ಮನೆಯ ಕೋಲಕ್ಕೆ ಮೊಮ್ಮಗಳೂ ಬರುತ್ತಾಳಂತೆ. ಇಷ್ಟು ದಿನ ಪರೀಕ್ಷೆಯೆಂದೋ ನಿದ್ದೆಯೆಂದೋ ತಪ್ಪಿಸಿಕೊಳ್ಳುತ್ತಿದ್ದವಳು ಈಗ ತಾನಾಗಿಯೇ ಕೇಳಿದ್ದಾಳೆ. ಆ ಪುಣ್ಯ ಸಿನೆಮಾದ್ದೆಂದೇ ಹೇಳಬೇಕು. ರಾತ್ರಿಯಿಡೀ ಎಚ್ಚರವಿರಬೇಕಾ, ಎಲ್ಲಿ ಕೂರಬೇಕು, ಹೆದರಿಕೆಯಾದರೆ ಎದ್ದು ಬರಬಹುದಾ ಎಂದೆಲ್ಲ ವಿಚಾರಿಸಿಕೊಂಡಳು. ತಿಳಿದಷ್ಟು ಹೇಳಿದೆ. ಕೊನೆಗೆ, “ಮೊಬೈಲಿನಲ್ಲಿ ತೆಗೆಯಬಹುದಾ ಅಜ್ಜ?” ಎಂದಳು. ಅದನ್ನು ಮಾತ್ರ ಮನೆಯ ಯಜಮಾನರನ್ನೇ ಕೇಳು ಎಂದಿದ್ದೇನೆ.