ಮದ್ರಾಸ್ ತಾರಸಿ

ಎರಿಟ್ರಿಯಾದ ಅಸ್ಮಾರಾ ನಗರದಲ್ಲಿ 1938ರಲ್ಲಿ ಇಟಲಿಯವರು ಕಟ್ಟಿದ ಒಂದು ಪೆಟ್ರೋಲ್ ಬಂಕ್ ಇದೆ. ಎರಡು ಪಕ್ಕಕ್ಕೂ 15 ಮೀಟರಿನಷ್ಟು ಉದ್ದದ ಕಾಂಕ್ರೀಟ್ ರೆಕ್ಕೆ ಚಾಚಿಕೊಂಡಿದೆ, ಕೆಳಗೆ ಒಂದು ಕಂಬವೂ ಇಲ್ಲ. ಇಂಥ ಕಟ್ಟಡಗಳ ದೆಸೆಯಿಂದ 2017ರಲ್ಲಿ ಆ ಊರಿಗೆ ಯುನೆಸ್ಕೊ ಪಟ್ಟ ಸಿಕ್ಕಿತು. ನೋಡಲು ಬಂದವರು ಕತ್ತೆತ್ತಿಕೊಂಡು ಬೀದಿ ಬೀದಿ ಅಲೆಯುತ್ತಾರಂತೆ. ಅಸ್ಮಾರಾದ ಯೋಗ ನನಗಿಲ್ಲ; ಯಳಂದೂರಿಗಾದರೆ ಬಸ್ಸಿದೆ.

ಅಲ್ಲಿ ಕತ್ತೆತ್ತಲು ಗೌರೀಶ್ವರ ಗುಡಿಯ ಬಳೆಮಂಟಪವೊಂದೇ ಸಾಕು. ಪಾಳೆಯಗಾರರ ಕಾಲದ್ದು. ಮೂಲೆಗಳಲ್ಲಿ ಕಲ್ಲಿನ ಬಳೆಗಳು ಸರಪಳಿಯಾಗಿ ಇಳಿಬಿದ್ದಿವೆ. ಕಂಬವಿಲ್ಲದ ರೆಕ್ಕೆಗೆ ಬೆರಗಾದವರು ಇದಕ್ಕೆ ಏನೆನ್ನುತ್ತಾರೋ! 1807ರಲ್ಲಿ ಈ ಸೀಮೆ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಟಿಪ್ಪುವಿನ ಲೆಕ್ಕವನ್ನೂ ನೋಡಿ, ಟಿಪ್ಪುವನ್ನು ಸೋಲಿಸಿದವರಿಂದಲೂ ಸೈ ಎನ್ನಿಸಿಕೊಂಡವರು. ಜಹಗೀರುದಾರರ ಬಂಗಲೆ ಈಗ ವಸ್ತುಸಂಗ್ರಹಾಲಯ.

ಮಾಂಬಳ್ಳಿ ದಾಟಿ ಮುಂದೆ ಹೋದರೆ ಹಿಂದೆ ಬೇರೆಯೇ ಸರ್ಕಾರ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮದ್ರಾಸಿಗೆ ಈ ತಾಲ್ಲೂಕೇ ರೇಷ್ಮೆಯ ಕಣಜ. ಗಡಿ ಅಳಿಸಿಹೋಗಿ ಎಷ್ಟೋ ಕಾಲವಾಯಿತು, ಹಳೆಯ ಮನೆಗಳ ನೆತ್ತಿಯ ಮೇಲೆ ಮಾತ್ರ ಅದು ಇನ್ನೂ ಕೂತಿದೆ.

ನೇಕಾರರ ಬೀದಿಯಲ್ಲಿ, ಮಗ್ಗದ ಸದ್ದು ಕೇಳುತ್ತಿದ್ದ ಒಂದು ಮನೆಯ ಮುಂದೆ ನಿಂತೆ. ಜಗುಲಿಯ ಮೇಲಿದ್ದ ಯಜಮಾನರು, "ಯಾರ ಮನಗ ಬಂದ್ರಿ ಸಾ?" ಎಂದರು. ಮನೆ ನೋಡಲೆಂದೇ ಬಂದೆ ಎಂದೆ. "ಗ್ವಾಡ ನೋಡಕ್ಕ ಇಷ್ಟು ದೂರ ಬಂದ್ರಾ?" ಎಂದು ನಕ್ಕು, ಒಳಗೆ ಕರೆದು ಮೇಲೆ ತೋರಿಸಿದರು. ಸಾಲು ಮರದ ತೊಲೆ; ಅದರ ಮೇಲೆ ಮಗ್ಗುಲಾಗಿ ನಿಲ್ಲಿಸಿ ಗಾರೆಯಲ್ಲಿ ಕೂಡಿಸಿದ ಸಣ್ಣ ಸಣ್ಣ ಇಟ್ಟಿಗೆಗಳು, ಓರೆಯಾಗಿ, ಹೆಣೆದ ಚಾಪೆಯ ಹಾಗೆ. ಒಂದು ತೊಲೆಯ ತುದಿಯನ್ನು ಗೆದ್ದಲು ತಿಂದಿತ್ತು, ಅಲ್ಲಿಗೆ ಕಬ್ಬಿಣದ ಪಟ್ಟಿ ಬಡಿದಿದ್ದರು.

"ಮದ್ರಾಸ್ ತಾರಸಿ ಸಾ. ಬ್ಯಾಸಗಲೂ ತಣ್ಣಗಿರ್ತದ. ಮಳ ಬಂದ್ರ ಮಾತ್ರ ಸೀರ ಎತ್ಕಂಡು ಓಡ್ಬೇಕು. ಮಗ ಕೆಡವ್ಬುಟ್ಟು ಮೋಲ್ಡ್ ಹಾಕ್ಸಮಾ ಅಂತಾನ."

ಪರಂಪರೆ, ಉಳಿಸಿ ಎಂದೆಲ್ಲ ಉಪದೇಶ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸೋರುವ ಮನೆಯಲ್ಲಿ ಮಲಗದವನಿಗೆ ತಾರಸಿಯ ಚೆಂದ ಹೇಳುವ ಬಾಯಿ ಎಲ್ಲಿಂದ ಬರಬೇಕು? ಅವರ ಅಜ್ಜನಿಗೆ ಈ ತಾರಸಿಯೇ ಹೊಸ ಕಾಲವಾಗಿದ್ದಿರಬೇಕು. ನಾಡಹೆಂಚು ಇಳಿಸಿ ಇದನ್ನು ಹಾಕಿಸಿದ ದಿನ ಬೀದಿಯವರೆಲ್ಲ ಬಂದು ನೋಡಿ ಹೋಗಿರಬೇಕು. ಮಗನಿಗೆ ಮೋಲ್ಡು ಹಾಗೆ. ನಮ್ಮ ಊರುಗಳ ಮಾಡರ್ನ್ ಶೈಲಿಗೆ ಇಟಲಿಯ ಇಂಜಿನಿಯರು ಬೇಕಾಗಲಿಲ್ಲ, ಪಕ್ಕದ ಮನೆಯವರು ಕಟ್ಟಿಸಿದರೆ ಸಾಕಿತ್ತು.

ಕೊಳ್ಳೇಗಾಲ ದಾಟಿ ಹನೂರಿಗೆ ಬಂದರೆ ಕತ್ತೆತ್ತುವ ಕೆಲಸ ಕಡಿಮೆ. ಈಚೆಗೆ ತಾಲ್ಲೂಕಾದ ಊರು, ಹೊಸ ಬೋರ್ಡುಗಳದ್ದೇ ದರ್ಬಾರು. ಆದರೂ ಮೇಲೆ ನೋಡುತ್ತಲೇ ನಡೆಯುತ್ತಿದ್ದೆ. ಈ ರಸ್ತೆಯಲ್ಲಿ ಕಾಲ್ನಡಿಗೆಯವರಿಗೆ ಇರುವುದು ಒಂದೇ ಊರು, ಮಾದಪ್ಪನ ಬೆಟ್ಟ. ಟೀ ಅಂಗಡಿಯ ಹೆಂಗಸು ಲೋಟ ಕೊಟ್ಟು ಕಾಸು ಬೇಡವೆಂದರು. "ಬೆಟ್ಟಕ್ಕ ನಡ್ಕಂಡು ಹೋಗೋರ ತಾವ ಇಸ್ಕಳಲ್ಲ. ನಮ್ಮ ಹೆಸ್ರಲ್ಲೂ ಒಂದು ಕಾಯಿ ಒಡ್ಸಿ, ಅಣ್ಣ."

ಅಸ್ಮಾರಾದ ವಿಷಯ ಅವರಿಗೆ ಹೇಳಲು ಹೋಗಲಿಲ್ಲ. ಬೆಟ್ಟದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.